ಮೊದಲು ತಟ್ಟೆ ಮಗುಚಿ ನೋಡಿ: ಕ್ರಿಸ್ಮಸ್ ಪಿಂಗಾಣಿ ಕೂಡಿಡುವವರಿಗೆ

ಜನವರಿ ಎರಡನೇ ವಾರ ಅಮೆರಿಕದ ಹಳೆಸಾಮಾನಿನ ಅಂಗಡಿಗೆ ಹೋಗಿ ನೋಡಿ. ಕಪಾಟಿನ ಒಂದು ಮೂಲೆಯಲ್ಲಿ ಹಸಿರು ಅಂಚಿನ ಬಿಳಿ ತಟ್ಟೆಗಳ ಅಟ್ಟಿ ಇದ್ದೇ ಇರುತ್ತದೆ. ತಟ್ಟೆಯ ನಡುವೆ ಸಿಂಗರಿಸಿದ ಕ್ರಿಸ್ಮಸ್ ಮರ, ಬುಡದಲ್ಲಿ ಉಡುಗೊರೆಯ ಪೊಟ್ಟಣಗಳು, ತುದಿಯಲ್ಲಿ ಸಾಂಟಾ ಕ್ಲಾಸ್. ಹಬ್ಬ ಮುಗಿದಿದೆ, ಯಾರದೋ ಅಜ್ಜಿಯ ಮನೆ ಖಾಲಿಯಾಗಿದೆ, ಮಕ್ಕಳಿಗೆ ಇಟ್ಟುಕೊಳ್ಳಲು ಜಾಗವಿಲ್ಲ.

ನ್ಯೂಜೆರ್ಸಿಗೆ ಬಂದ ಮೊದಲ ಚಳಿಗಾಲದಲ್ಲಿ ಇಂಥ ನಾಲ್ಕು ತಟ್ಟೆ ಹೊತ್ತು ತಂದೆ. ಚಿತ್ರ ಚೆನ್ನಾಗಿತ್ತು, ಅಷ್ಟೇ ಕಾರಣ. ಮನೆಯಲ್ಲಿ ತೊಳೆದು ಬೋರಲು ಹಾಕಿದಾಗ ನೋಡುತ್ತೇನೆ, ಮೂರರ ಬೆನ್ನಲ್ಲಿ ಒಂದು ಮುದ್ರೆ, ನಾಲ್ಕನೆಯದರಲ್ಲಿ ಇನ್ನೊಂದು. ದೇಶವೇ ಬೇರೆ. ಮುಖದ ಕಡೆ ತಿರುಗಿಸಿ ಪಕ್ಕಪಕ್ಕ ಇಟ್ಟರೆ ಬಿಳುಪೂ ಬೇರೆ, ಹಸಿರೂ ಬೇರೆ. ಒಂದರ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಮುಕ್ಕು. ಅಲ್ಲಿಂದ ಶುರುವಾದ ಹುಚ್ಚು ಈಗ ಅಡುಗೆಮನೆಯ ಎರಡು ಕಪಾಟು ತುಂಬಿದೆ. ಹಾದಿಯಲ್ಲಿ ಕಲಿತದ್ದನ್ನು ಹೊಸಬರಿಗೆ ಅಂತ ಇಲ್ಲಿ ಬರೆದಿಡುತ್ತಿದ್ದೇನೆ.

ಮರದ ತುದಿಗೆ ಸಾಂಟಾ ಹತ್ತಿದ್ದು

ಈ ತಟ್ಟೆಗಳು ಎಲ್ಲಿಂದ ಬಂದವು ಎಂಬುದು ಸ್ವಲ್ಪವಾದರೂ ಗೊತ್ತಿದ್ದರೆ ಅಂಗಡಿಯಲ್ಲಿ ಮೋಸ ಹೋಗುವುದು ಕಡಿಮೆ. ಹಾಗಾಗಿ ಕೊಳ್ಳುವ ಮಾತಿಗೆ ಮೊದಲು ಒಂದಿಷ್ಟು ಇತಿಹಾಸ.

ಇಂಗ್ಲೆಂಡಿನ ಸ್ಟಾಫರ್ಡ್‌ಶೈರ್ ಸೀಮೆಯ ಸ್ಟೋಕ್-ಆನ್-ಟ್ರೆಂಟ್ ಹಳೆಯ ಕಾಲದಿಂದಲೂ ಕುಂಬಾರಿಕೆಯ ಊರು. ಜೊಸಾಯಾ ಸ್ಪೋಡ್ 18ನೇ ಶತಮಾನದಲ್ಲಿ ಅಲ್ಲಿ ಕಾರ್ಖಾನೆ ಹೂಡಿದ. ತಾಮ್ರದ ತಗಡಿನ ಮೇಲೆ ಚಿತ್ರ ಕೆತ್ತಿ, ಅದನ್ನು ತೆಳು ಕಾಗದಕ್ಕೆ ಇಳಿಸಿ, ಒಮ್ಮೆ ಸುಟ್ಟ ತಟ್ಟೆಗೆ ಒತ್ತಿ, ಮೇಲೆ ಗಾಜಿನಂಥ ಲೇಪ ಕೊಟ್ಟು ಮತ್ತೆ ಸುಡುವ ವಿದ್ಯೆ 1784ರ ಹೊತ್ತಿಗೆ ಅವನ ಕಾರ್ಖಾನೆಗೆ ಒಲಿಯಿತು. ಒಂದೊಂದು ತಟ್ಟೆಗೂ ಚಿತ್ರಕಾರ ಕುಂಚ ಹಿಡಿಯಬೇಕಾದ ಕಾಲ ಹೋಯಿತು. ಚಿತ್ರದ ತಟ್ಟೆ ಸಾಮಾನ್ಯರ ಮನೆಗೂ ಬಂತು, ಹಡಗು ಹತ್ತಿ ಅಮೆರಿಕಕ್ಕೂ ಹೋಯಿತು.

1863ರಲ್ಲಿ ಅಮೆರಿಕದ ಅಧ್ಯಕ್ಷ ಲಿಂಕನ್ ಥ್ಯಾಂಕ್ಸ್‌ಗಿವಿಂಗ್ ದಿನವನ್ನು ಇಡೀ ದೇಶದ ಹಬ್ಬವೆಂದು ಸಾರಿದರು. ಮುಂದಿನ ದಶಕಗಳಲ್ಲಿ ಸ್ಟಾಫರ್ಡ್‌ಶೈರಿನ ಕಾರ್ಖಾನೆಗಳು ಆ ಹಬ್ಬದೂಟದ ಟರ್ಕಿ ಕೋಳಿಯ ಚಿತ್ರವಿರುವ ದೊಡ್ಡ ಹರಿವಾಣಗಳನ್ನು ಮಾಡಿ ಅಟ್ಲಾಂಟಿಕ್ ದಾಟಿಸತೊಡಗಿದವು. ಮಾಡುವವರಿಗೆ ಆ ಹಬ್ಬವೇ ಇಲ್ಲ! ನಮ್ಮ ದೀಪಾವಳಿಯ ಸೀರಿಯಲ್ ಸೆಟ್ಟುಗಳು ಎಲ್ಲಿಂದ ಬರುತ್ತವೆ ಎಂದು ನೆನೆಸಿಕೊಂಡರೆ ಇದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ.

ನಾನು ತಂದ ಹಸಿರು ಅಂಚಿನ ತಟ್ಟೆಯ ಕಥೆಯೂ ಅದೇ. 1938ರಲ್ಲಿ ಸ್ಪೋಡ್ ಕಾರ್ಖಾನೆ ಕೋಪ್‌ಲ್ಯಾಂಡ್ ಮನೆತನದ ಕೈಯಲ್ಲಿತ್ತು. ಅಮೆರಿಕದಲ್ಲಿ ಅವರ ಮಾಲು ಮಾರುತ್ತಿದ್ದ ಏಜೆಂಟ್ ಸಿಡ್ನಿ ಥಾಂಪ್ಸನ್ ಕ್ರಿಸ್ಮಸ್‌ಗೆ ಹೊಸ ವಿನ್ಯಾಸ ಬೇಕೆಂದರು. ಕೆಲಸ ಹೆರಾಲ್ಡ್ ಹೋಲ್ಡ್‌ವೇ ಎಂಬ ಯುವ ಕಲಾವಿದರ ಪಾಲಿಗೆ ಬಂತು. ಅಮೆರಿಕದವರು ಮರವನ್ನು ಹೇಗೆ ಸಿಂಗರಿಸುತ್ತಾರೆಂದು ಅವರಿಗೆ ಗೊತ್ತಿರಲಿಲ್ಲ. ಉಡುಗೊರೆಗಳನ್ನು ಕೊಂಬೆಗೆ ತೂಗುಹಾಕಿ ಬರೆದರಂತೆ. ಅಲ್ಲಿಯವರು ಬುಡದಲ್ಲಿ ಇಡುತ್ತಾರೆ ಎಂದು ತಿಳಿದ ಮೇಲೆ ಕೆಳಗಿಳಿಸಿದರಂತೆ. ತುದಿಯಲ್ಲಿ ನಕ್ಷತ್ರವೋ ದೇವತೆಯೋ ಇರಬೇಕಾದ ಕಡೆ ಸಾಂಟಾನನ್ನು ಕೂರಿಸಿದ್ದು ಮಾತ್ರ ಹಾಗೇ ಉಳಿಯಿತು. ಗೊತ್ತಿಲ್ಲದೆ ಬರೆದ ಆ ಸಾಂಟಾನೇ ಈಗ ಈ ವಿನ್ಯಾಸದ ಗುರುತು. ದೂರದಿಂದ ಕಂಡರೂ ಸ್ಪೋಡ್ ಅಂತ ಹೇಳಬಹುದು.

ಇದರ ಹಿಂದೆಯೇ ಬಂದ ಇನ್ನೆರಡು ವಿನ್ಯಾಸಗಳು ನಿಮಗೆ ಪದೇಪದೇ ಎದುರಾಗುತ್ತವೆ. ಜಾನ್ಸನ್ ಬ್ರದರ್ಸ್ ಕಂಪನಿಯ ‘ಫ್ರೆಂಡ್ಲಿ ವಿಲೇಜ್’ 1953ರದು. ಹಿಮ ಬಿದ್ದ ಹಳ್ಳಿ, ಗಾಡಿ, ಮುಚ್ಚಿಗೆಯ ಸೇತುವೆ, ಎಲ್ಲ ಕಂದು ಗೆರೆಗಳಲ್ಲಿ. ಇದರ ಚೆಲುವೆಂದರೆ ಊಟದ ತಟ್ಟೆಗೆ ಒಂದು ದೃಶ್ಯ, ಬಟ್ಟಲಿಗೆ ಇನ್ನೊಂದು, ಬಸಿಗೆ ಮತ್ತೊಂದು. ದೃಶ್ಯದ ಹೆಸರು ಬೆನ್ನಲ್ಲೇ ಅಚ್ಚಾಗಿರುತ್ತದೆ. ಎರಡನೆಯದು ಅಮೆರಿಕದ್ದೇ ಆದ ಲೆನಾಕ್ಸ್ ಕಂಪನಿಯ ‘ಹಾಲಿಡೇ’, 1974ರಲ್ಲಿ ಬಂದದ್ದು. ಕೆನೆಬಣ್ಣದ ಮೈ, ‘ಹಾಲಿ’ ಎಂಬ ಕ್ರಿಸ್ಮಸ್ ಗಿಡದ ಎಲೆ, ಕೆಂಪು ಹಣ್ಣು, ಚಿನ್ನದ ಅಂಚು. ಲೆನಾಕ್ಸ್ 1889ರಲ್ಲಿ ಶುರುವಾದದ್ದು ನಮ್ಮ ನ್ಯೂಜೆರ್ಸಿಯ ಟ್ರೆಂಟನ್‌ನಲ್ಲಿ. 1918ರಲ್ಲಿ ಅಧ್ಯಕ್ಷ ವಿಲ್ಸನ್ ಅವರ ಕಾಲಕ್ಕೆ ಶ್ವೇತಭವನಕ್ಕೆ ಮೊದಲ ಸ್ವದೇಶಿ ಪಿಂಗಾಣಿ ಮಾಡಿಕೊಟ್ಟವರೂ ಇವರೇ. ಹಾಗಂತ ಇಲ್ಲಿಯ ಹಳೆಸಾಮಾನಿನ ಅಂಗಡಿಗಳಲ್ಲಿ ಲೆನಾಕ್ಸ್ ಅಗ್ಗ ಅಂದುಕೊಳ್ಳಬೇಡಿ.

ಮೊದಲ ತೀರ್ಮಾನ: ಗೋಡೆಗೋ, ಊಟಕ್ಕೋ?

ಕ್ರಿಸ್ಮಸ್ ತಟ್ಟೆಗಳಲ್ಲಿ ಎರಡು ಕುಲ. ಇಲ್ಲಿಯವರೆಗೆ ಹೇಳಿದ್ದು ಊಟದ ಕುಲ. ಇನ್ನೊಂದು ಗೋಡೆಗೆ ತೂಗುಹಾಕುವ ಕುಲ, ಅದರ ತವರು ಡೆನ್ಮಾರ್ಕ್.

ಕೋಪನ್‌ಹೇಗನ್‌ನ ಬಿಂಗ್ ಆಂಡ್ ಗ್ರೋನ್‌ಡಾಲ್ ಕಾರ್ಖಾನೆ 1895ರಲ್ಲಿ ಇಸವಿ ಬರೆದ ಮೊದಲ ಕ್ರಿಸ್ಮಸ್ ತಟ್ಟೆ ಹೊರತಂದಿತು. ಫ್ರಾನ್ಸ್ ಆಗಸ್ಟ್ ಹ್ಯಾಲಿನ್ ಬರೆದ ಚಿತ್ರ: ಹಿಮ ಕಟ್ಟಿದ ಕಿಟಕಿಯ ಗಾಜು, ಅದರಾಚೆ ಮಸುಕಾಗಿ ಕಾಣುವ ನಗರ. ಮಾಡಿದ್ದು ಸುಮಾರು 400 ತಟ್ಟೆ ಮಾತ್ರ. ಆಮೇಲೆ ಅಚ್ಚನ್ನು ಒಡೆದುಹಾಕಿದರು. ವರ್ಷಕ್ಕೊಂದು ಹೊಸ ಚಿತ್ರ, ವರ್ಷ ಮುಗಿದ ಮೇಲೆ ಅಚ್ಚು ಒಡೆಯುವುದು, ಇದೇ ಪದ್ಧತಿಯಾಯಿತು. 1908ರಲ್ಲಿ ರಾಯಲ್ ಕೋಪನ್‌ಹೇಗನ್ ತನ್ನ ಸರಣಿ ಶುರುಮಾಡಿತು. ಮೊದಲ ಚಿತ್ರ ಕ್ರಿಶ್ಚಿಯನ್ ಥಾಮ್ಸನ್ ರೂಪಿಸಿದ ಮರಿಯ ಮತ್ತು ಮಗು. ಎರಡು ಕಂಪನಿಗಳೂ 1987ರಲ್ಲಿ ಒಂದಾದವು. ಎರಡರದೂ ಕೋಬಾಲ್ಟ್ ನೀಲಿ, ಲೇಪದ ಅಡಿಯಲ್ಲಿ ಮಂಜಿನಂತೆ ಹರಡಿದ ಬಣ್ಣ. ಬೆನ್ನಿನ ಪಾದದಂಚಿನಲ್ಲಿ, ಅಂದರೆ ತಟ್ಟೆ ನೆಲಕ್ಕೆ ಕೂರುವ ಬಳೆಯಂಥ ಏಣಿನಲ್ಲಿ, ಎರಡು ತೂತು ಇರುತ್ತವೆ, ದಾರ ಪೋಣಿಸಿ ತೂಗುಹಾಕಲು. ಊಟಕ್ಕೆ ಅಂತ ಮಾಡಿದ್ದಲ್ಲ ಎನ್ನಲು ಅದೊಂದೇ ಸಾಕ್ಷಿ ಸಾಕು.

ಡೆನ್ಮಾರ್ಕಿನಲ್ಲಿ ಹೇಳುವ ಒಂದು ಮಾತಿದೆ: ಹಿಂದೆ ಸಿರಿವಂತರು ಕ್ರಿಸ್ಮಸ್‌ಗೆ ಮನೆಯ ಆಳುಕಾಳುಗಳಿಗೆ ತಿಂಡಿಯನ್ನು ತಟ್ಟೆಯಲ್ಲಿಟ್ಟು ಕೊಡುತ್ತಿದ್ದರು, ತಿಂಡಿ ಮುಗಿದ ಮೇಲೆ ತಟ್ಟೆ ಅವರಲ್ಲೇ ಉಳಿಯುತ್ತಿತ್ತು, ವರ್ಷವರ್ಷದ ತಟ್ಟೆ ಗೋಡೆ ಸೇರುತ್ತಿತ್ತು ಎಂದು. ಮಂಗಳೂರಿನ ಕಡೆಯವರಿಗೆ ಇದು ಕೇಳಿದಂತಿರುತ್ತದೆ. ಕ್ರಿಸ್ಮಸ್ ದಿನ ಪಕ್ಕದ ಮನೆಯಿಂದ ಕುಸ್ವಾರ್ ತಟ್ಟೆ ಬರುತ್ತದಲ್ಲ, ನೆವ್ರಿ, ಕಿಡಿಯೊ, ಗುಳಿಯೊ ತುಂಬಿಕೊಂಡು. ನಮ್ಮಲ್ಲಿ ತಟ್ಟೆ ಮಾತ್ರ ವಾಪಸು ಹೋಗಬೇಕು, ಅದೂ ಖಾಲಿ ಹೋಗಬಾರದು.

ಗೋಡೆಯ ತಟ್ಟೆ ಕೂಡಿಡುವುದು ನವರಾತ್ರಿಗೆ ವರ್ಷಕ್ಕೊಂದು ಹೊಸ ಗೊಂಬೆ ತರುವಂಥ ಕೆಲಸ. ಹುಟ್ಟಿದ ವರ್ಷ, ಮದುವೆಯ ವರ್ಷ, ಮಗಳು ಹುಟ್ಟಿದ ವರ್ಷ ಅಂತ ಆರಿಸಿಕೊಂಡರೆ ಐದಾರು ತಟ್ಟೆಗೆ ಮುಗಿಯುತ್ತದೆ. ಇಡೀ ಸರಣಿ ಬೇಕೆಂದು ಹೊರಟರೆ ಮೊದಲ ಕೆಲವು ವರ್ಷಗಳದು ಮತ್ತು ಎರಡನೇ ಮಹಾಯುದ್ಧದ ಕಾಲದ್ದು ಕೈ ಸುಡುತ್ತವೆ.

ಹೂಡಿಕೆ ಅಂತ ಯೋಚಿಸುವವರಿಗೆ ಒಂದು ಕಥೆ. 1970ರ ದಶಕದಲ್ಲಿ ಈ ತಟ್ಟೆಗಳಿಗೆ ಅಮೆರಿಕದಲ್ಲಿ ಷೇರುಪೇಟೆಯ ಜ್ವರ ಬಂದಿತ್ತು. 1973ರಲ್ಲಿ ಜೆ. ರಾಡರಿಕ್ ಮ್ಯಾಕ್‌ಆರ್ಥರ್ ಬ್ರಾಡ್‌ಫರ್ಡ್ ಎಕ್ಸ್‌ಚೇಂಜ್ ಶುರುಮಾಡಿದರು. ಹೆಸರೇ ಹೇಳುವಂತೆ ತಟ್ಟೆಗಳ ವಿನಿಮಯ ಕೇಂದ್ರ, ದರಪಟ್ಟಿ ಸಮೇತ. ಇಂಗ್ಲೆಂಡಿನ ಪಿಂಗಾಣಿ ಕಂಪನಿ ವೆಜ್‌ವುಡ್ ಕೂಡ 1969ರಲ್ಲಿ ವಿಂಡ್ಸರ್ ಕೋಟೆಯ ಚಿತ್ರದೊಂದಿಗೆ ವಾರ್ಷಿಕ ತಟ್ಟೆಯ ಸಾಲಿಗೆ ಬಂದು ನಿಂತಿತ್ತು. ಎಲ್ಲರೂ ಮಾಡಿದರು, ಎಲ್ಲರೂ ಕೊಂಡರು, ಯಾರೂ ಒಡೆಯಲಿಲ್ಲ. ‘ಸೀಮಿತ ಆವೃತ್ತಿ’ ಎಂದು ಬರೆದ ತಟ್ಟೆಗಳು ಪೆಟ್ಟಿಗೆ, ಪ್ರಮಾಣಪತ್ರ ಸಮೇತ ಇವತ್ತೂ ಹಾಗೇ ಇವೆ, ಕೊಳ್ಳುವವರಿಲ್ಲ. 70 ಮತ್ತು 80ರ ದಶಕದ ವಾರ್ಷಿಕ ತಟ್ಟೆಗೆ ಹಣ ಹಾಕಿ ಲಾಭ ಮಾಡುತ್ತೇನೆ ಎಂಬ ಆಸೆಯನ್ನು ಇಲ್ಲೇ ಬಿಡಿ. ಚಿತ್ರ ಇಷ್ಟವಾದರೆ ತನ್ನಿ, ಅಗ್ಗಕ್ಕೆ ಸಿಗುತ್ತದೆ.

ನನ್ನ ಒಲವು ಊಟದ ತಟ್ಟೆಯ ಕಡೆ. ಮುಂದಿನದೆಲ್ಲ ಹೆಚ್ಚಾಗಿ ಅದರ ಬಗ್ಗೆಯೇ.

ಒಂದೇ ವಿನ್ಯಾಸ ಹಿಡಿಯಿರಿ

ಹೊಸಬರು ಮಾಡುವ ತಪ್ಪು, ನಾನೂ ಮಾಡಿದ್ದು, ಕಂಡದ್ದನ್ನೆಲ್ಲ ತರುವುದು. ಮೂರು ಸ್ಪೋಡ್, ಎರಡು ಲೆನಾಕ್ಸ್, ಒಂದು ಯಾವುದೋ ಗೊತ್ತಿಲ್ಲದ ಹಿಮಮಾನವ. ಆರು ಜನ ಊಟಕ್ಕೆ ಬಂದರೆ ಸಂತೆಯಂತೆ ಕಾಣುತ್ತದೆ. ಒಂದು ವಿನ್ಯಾಸ ಆರಿಸಿ, ಎಂಟು ಜನಕ್ಕೆ ಊಟದ ತಟ್ಟೆ ಮತ್ತು ಎಂಟು ಬಟ್ಟಲು ಮೊದಲ ಗುರಿಯಾಗಿರಲಿ. ಕಪ್ಪು-ಬಸಿ ಆಮೇಲೆ. ಬಡಿಸುವ ಪಾತ್ರೆಗಳು, ಅಂದರೆ ಮುಚ್ಚಳದ ಬೋಗುಣಿ, ಹರಿವಾಣ, ದೋಣಿಯಾಕಾರದ ಸಾರಿನ ಪಾತ್ರೆ, ಕೊನೆಯಲ್ಲಿ. ಇವು ಮನೆಗೊಂದು ಮಾತ್ರ ಕೊಳ್ಳುತ್ತಿದ್ದದ್ದು, ಹಾಗಾಗಿ ಸಿಗುವುದೂ ಕಡಿಮೆ, ಬೆಲೆಯೂ ಜಾಸ್ತಿ. ಮುಚ್ಚಳವಿಲ್ಲದ ಬೋಗುಣಿ ಅಗ್ಗಕ್ಕೆ ಸಿಕ್ಕಿತೆಂದು ತಂದುಬಿಡಬೇಡಿ. ಒಂಟಿ ಮುಚ್ಚಳ ಮಾರಾಟಕ್ಕೆ ಬರುವುದನ್ನು ಕಾಯುವುದು ಗಂಡಿಗೆ ಹೆಣ್ಣು ಹುಡುಕಿದ ಹಾಗೆ, ಅಳತೆ ಕೂಡಿದರೆ ಬಣ್ಣ ಕೂಡುವುದಿಲ್ಲ.

ಆಯ್ಕೆಗೆ ನನ್ನ ಸಲಹೆ: ಇನ್ನೂ ತಯಾರಾಗುತ್ತಿರುವ ವಿನ್ಯಾಸವಾದರೆ ಒಡೆದದ್ದಕ್ಕೆ ಬದಲಿ ಸಿಗುತ್ತದೆ. ಸ್ಪೋಡ್‌ನ ಮರ 1938ರಿಂದ ಇವತ್ತಿಗೂ ಮಾರುಕಟ್ಟೆಯಲ್ಲಿದೆ.

ಬೆನ್ನು ಓದುವುದು

ತಟ್ಟೆ ಕೈಗೆತ್ತಿಕೊಂಡ ಕೂಡಲೇ ಮಗುಚಿ. ಅಂಗಡಿಯವರು ಏನೂ ಅಂದುಕೊಳ್ಳುವುದಿಲ್ಲ, ಬಲ್ಲವರು ಎಂದೇ ತಿಳಿಯುತ್ತಾರೆ.

ಮೊದಲು ದೇಶದ ಹೆಸರು ಹುಡುಕಿ. ಅಮೆರಿಕದ 1890ರ ಮ್ಯಾಕಿನ್ಲಿ ಸುಂಕ ಕಾಯ್ದೆ ಆಮದು ಸಾಮಾನಿನ ಮೇಲೆ ತಯಾರಾದ ದೇಶದ ಹೆಸರು ಇರಬೇಕೆಂದಿತು. 1891ರಿಂದ ಜಾರಿಗೆ ಬಂತು. ಅಂದಮೇಲೆ ಅಮೆರಿಕಕ್ಕೆ ಬಂದ ತಟ್ಟೆಯ ಬೆನ್ನಲ್ಲಿ ಬರೀ ‘ಇಂಗ್ಲೆಂಡ್’ ಎಂದಿದ್ದರೆ ಸಾಮಾನ್ಯವಾಗಿ ಅದು ಆ ಕಾಯ್ದೆಯ ನಂತರದ್ದು. ‘ಮೇಡ್ ಇನ್ ಇಂಗ್ಲೆಂಡ್’ ಎಂದಿದ್ದರೆ ಬಹುತೇಕ 20ನೇ ಶತಮಾನದ್ದು. ‘ಆಕ್ಯುಪೈಡ್ ಜಪಾನ್’ ಎಂದಿದ್ದರೆ ಕೆಲಸ ಸುಲಭ: ಯುದ್ಧ ಮುಗಿದ 1945ರಿಂದ 1952ರೊಳಗೆ. ‘ಡಿಶ್‌ವಾಶರ್ ಸೇಫ್’, ‘ಮೈಕ್ರೋವೇವ್ ಸೇಫ್’ ಎಂಬ ಮಾತು ಕಂಡರೆ ಅಜ್ಜಿಯ ಕಾಲದ್ದು ಎಂದು ಯಾರು ಎಷ್ಟು ಆಣೆ ಇಟ್ಟರೂ ನಂಬಬೇಡಿ.

ಸ್ಪೋಡ್ ಮರದ ತಟ್ಟೆಯಾದರೆ ಮುದ್ರೆಯಲ್ಲಿ ಕೋಪ್‌ಲ್ಯಾಂಡ್ ಹೆಸರಿದೆಯೇ ನೋಡಿ. ಇದ್ದರೆ ಹಳೆಯದು, 1970ರಲ್ಲಿ ಕಂಪನಿ ಮತ್ತೆ ಬರೀ ಸ್ಪೋಡ್ ಎಂದು ಕರೆದುಕೊಂಡಿತು. ಹಸಿರು ಅಂಚಿನ ಈ ವಿನ್ಯಾಸದ ಸಂಖ್ಯೆ ಎಸ್ 3324. ಕಂಪನಿ 2008ರ ಕೊನೆಯಲ್ಲಿ ದಿವಾಳಿಯ ಅಂಚಿಗೆ ಹೋಗಿ 2009ರಲ್ಲಿ ಪೋರ್ಟ್‌ಮೀರಿಯನ್ ಕೈಸೇರಿತು. ಈಚಿನ ತಟ್ಟೆಗಳು ಹೆಚ್ಚಾಗಿ ಇಂಗ್ಲೆಂಡಿನ ಹೊರಗೆ ತಯಾರಾದವು. ‘ಫ್ರೆಂಡ್ಲಿ ವಿಲೇಜ್’ ಕೂಡ ಹಾಗೇ, ಹಳೆಯದು ಇಂಗ್ಲೆಂಡಿನದು, ಹೊಸದು ಚೀನಾದ್ದು. ಲೆನಾಕ್ಸ್ ಅಮೆರಿಕದ ನೆಲದಲ್ಲಿ ಪಿಂಗಾಣಿ ಮಾಡುತ್ತಿದ್ದ ಉತ್ತರ ಕೆರೊಲಿನಾದ ಕಿನ್‌ಸ್ಟನ್ ಕಾರ್ಖಾನೆ 2020ರಲ್ಲಿ ಮುಚ್ಚಿತು.

ಹೊಸದು ಕೆಟ್ಟದ್ದು ಅಂತಲ್ಲ. ದಿನವೂ ಬಳಸುವವರಿಗೆ ಹೊಸದೇ ವಾಸಿ, ಯಾಕೆಂದು ಮುಂದೆ ಹೇಳುತ್ತೇನೆ. ಆದರೆ ಹಳೆಯದರ ಬೆಲೆ ಕೊಟ್ಟು ಹೊಸದನ್ನು ತರಬೇಡಿ. ಎರಡನ್ನೂ ಒಂದೇ ಮೇಜಿನ ಮೇಲೆ ಬೆರೆಸಬೇಕಾದರೆ, ಒಂದೊಂದು ಬಿಟ್ಟು ಒಂದು ಇಡಿ, ಬೇಕೆಂದೇ ಹಾಗೆ ಜೋಡಿಸಿದಂತೆ ಕಾಣುತ್ತದೆ.

ಡೆನ್ಮಾರ್ಕಿನ ತಟ್ಟೆಗೆ ಇನ್ನೊಂದು ಪರೀಕ್ಷೆ. ರಾಯಲ್ ಕೋಪನ್‌ಹೇಗನ್‌ನ ಗುರುತು ಮೂರು ಅಲೆಗೆರೆ, ಆ ದೇಶದ ಮೂರು ಜಲಸಂಧಿಗಳ ನೆನಪಿಗೆ. ಬಿಂಗ್ ಆಂಡ್ ಗ್ರೋನ್‌ಡಾಲ್‌ನದು ಮೂರು ಗೋಪುರ. ಅಲೆಗಳ ಮೇಲೆ ಅಡ್ಡಲಾಗಿ ಗೀರಿದ ಗುರುತು ಇದ್ದರೆ ಅದು ಕಾರ್ಖಾನೆಯೇ ಎರಡನೇ ದರ್ಜೆ ಎಂದು ಬೇರ್ಪಡಿಸಿದ ತಟ್ಟೆ. ಬೆರಳ ತುದಿ ಆಡಿಸಿದರೆ ಗೀರು ಹತ್ತುತ್ತದೆ. ಮಾರುವವರ ಫೋಟೊದಲ್ಲಿ ಇದು ಯಾಕೋ ಯಾವತ್ತೂ ಕಾಣಿಸುವುದಿಲ್ಲ.

ಮೈ ಪರೀಕ್ಷೆ

ಬೆನ್ನು ಓದಿದ ಮೇಲೆ ಮೈ. ಕನ್ನಡಕ ಹಾಕಿಕೊಂಡೇ ಹೋಗಿ.

ಅಂಗೈ ಮೇಲೆ ತಟ್ಟೆ ಕೂರಿಸಿ ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿ. ಮಡಕೆ ಕೊಳ್ಳುವಾಗ ಅಜ್ಜಿ ಮಾಡುತ್ತಿದ್ದದ್ದೇ. ಗಟ್ಟಿ ಪಿಂಗಾಣಿ ಗಂಟೆಯಂತೆ ನುಡಿಯುತ್ತದೆ. ದಡ್ ಎಂದರೆ ಎಲ್ಲೋ ಕೂದಲೆಳೆ ಬಿರುಕಿದೆ. ಆದರೆ ಸ್ಪೋಡ್ ಮರ, ಫ್ರೆಂಡ್ಲಿ ವಿಲೇಜ್ ಎರಡೂ ಮಣ್ಣಿನ ಮೈಯವು, ಪಿಂಗಾಣಿಯಷ್ಟು ಕಾವಿನಲ್ಲಿ ಸುಟ್ಟವಲ್ಲ. ಸರಿಯಿದ್ದರೂ ಅವುಗಳ ದನಿ ಮಂದವೇ. ಅದೇ ಜಾತಿಯ ಎರಡು ತಟ್ಟೆ ತಟ್ಟಿ ಹೋಲಿಸಿ.

ಆಮೇಲೆ ಕಣ್ಣು ಮುಚ್ಚಿ ಅಂಚಿನ ಸುತ್ತ ಬೆರಳು ಓಡಿಸಿ. ಕಣ್ಣಿಗೆ ಕಾಣದ ಮುಕ್ಕು ಬೆರಳಿಗೆ ಸಿಗುತ್ತದೆ. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಲೇಪದೊಳಗೆ ಜೇಡರಬಲೆಯಂಥ ಗೆರೆಗಳು ಕಾಣಬಹುದು. ಮೈ ಮತ್ತು ಲೇಪ ಕಾವಿಗೆ ಒಂದೇ ಸಮನೆ ಹಿಗ್ಗಿ ಕುಗ್ಗದಿದ್ದರೆ, ಇಲ್ಲವೇ ಮಣ್ಣಿನ ಮೈ ವರ್ಷಗಟ್ಟಲೆ ತೇವ ಹೀರಿ ಉಬ್ಬಿದರೆ, ಲೇಪ ಹೀಗೆ ಸೀಳುತ್ತದೆ. ಮಣ್ಣಿನ ಮೈಯ ಹಳೆಯ ತಟ್ಟೆಗಳಲ್ಲಿ ಇದು ಮಾಮೂಲು. ನೋಡಲು ಬಿಟ್ಟರೆ ಊಟಕ್ಕೆ ಬೇಡ: ಸೀಳಿನೊಳಗೆ ಎಣ್ಣೆ, ಅರಿಶಿನ ಇಳಿದರೆ ಹೊರಗೆ ಬರುವುದಿಲ್ಲ.

ಬೂದುಬಣ್ಣದ ಗೀಚುಗಳಿದ್ದರೆ ಗಾಬರಿ ಬೇಡ. ಚಾಕು, ಫೋರ್ಕುಗಳ ಲೋಹ ಲೇಪದ ಮೇಲೆ ಕೂತದ್ದು ಅದು, ಆಕ್ಸಾಲಿಕ್ ಆಮ್ಲವಿರುವ ಪಾತ್ರೆ ಪುಡಿಯಲ್ಲಿ ಮೃದುವಾಗಿ ಉಜ್ಜಿದರೆ ಬಹುಪಾಲು ಹೋಗುತ್ತದೆ. ಉಗುರಿಗೆ ಗೀರು ಹತ್ತಿದರೆ ಮಾತ್ರ ಲೇಪವೇ ಸವೆದಿದೆ ಎಂದರ್ಥ. ಕೈಯಲ್ಲಿ ಉಣ್ಣುವವರ ಮನೆಯಲ್ಲಿ ಈ ತಟ್ಟೆಗಳಿಗೆ ಆಯುಸ್ಸು ಹೆಚ್ಚು ಎಂಬುದು ನನ್ನ ಅನುಭವ. ಬಡಿಸುವ ಸ್ಟೀಲ್ ಸೌಟೊಂದರ ಮೇಲೆ ಕಣ್ಣಿಟ್ಟರೆ ಸಾಕು. ಚಿನ್ನದ ಅಂಚು ಸವೆದಿದ್ದರೆ ಅದಕ್ಕೆ ಮದ್ದಿಲ್ಲ, ಬೆಲೆ ಇಳಿಸಿ ಕೇಳಿ.

ಮೂಳೆಯ ಮಾತು

ನಮ್ಮವರು ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ, ಹಾಗಾಗಿ ನೇರವಾಗಿ ಹೇಳಿಬಿಡುತ್ತೇನೆ. ‘ಬೋನ್ ಚೈನಾ’ ಎಂಬ ಹೆಸರಲ್ಲಿರುವ ಮೂಳೆ ನಿಜವಾದ ಮೂಳೆಯೇ. ಸ್ಪೋಡ್ ಕಾರ್ಖಾನೆಯಲ್ಲಿ ನೆಲೆನಿಂತ ಪಾಕದ ಲೆಕ್ಕ 6 ಪಾಲು ದನದ ಮೂಳೆಯ ಬೂದಿ, 4 ಪಾಲು ಚೈನಾ ಕಲ್ಲು, 3.5 ಪಾಲು ಬಿಳಿ ಜೇಡಿಮಣ್ಣು. ಅಂದರೆ ಅರ್ಧಕ್ಕೆ ಹತ್ತಿರ. ಬೆಳಕಿಗೆ ಹಿಡಿದರೆ ಹಿಂದಿನ ಬೆರಳ ನೆರಳು ಕಾಣುವ ಆ ಹಾಲುಬಿಳುಪು ಬರುವುದು ಅದರಿಂದಲೇ.

ನನ್ನಜ್ಜಿ ಪಿಂಗಾಣಿಯನ್ನು ಅಡುಗೆಮನೆಯ ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ. ಕಾರಣ ಕೇಳಿದರೆ ‘ಅದು ಮಡಿಗೆ ಬರಲ್ಲ’ ಅನ್ನುತ್ತಿದ್ದರು. ಈ ಪಾಕ ಅವರಿಗೆ ಗೊತ್ತಿತ್ತೋ ಇಲ್ಲವೋ. ಸಸ್ಯಾಹಾರಿಗಳ ಮನೆಗೆ ಇದು ಬೇಡವೆನಿಸಿದರೆ ಸ್ಪೋಡ್ ಮರ, ಫ್ರೆಂಡ್ಲಿ ವಿಲೇಜ್ ಎರಡೂ ಮೂಳೆಯಿಲ್ಲದ ಮಣ್ಣಿನ ಮೈಯವು. ಡೆನ್ಮಾರ್ಕಿನ ನೀಲಿ ತಟ್ಟೆಗಳು ಗಟ್ಟಿ ಪಿಂಗಾಣಿ, ಅದರಲ್ಲೂ ಮೂಳೆ ಇಲ್ಲ. ಉಳಿದವಕ್ಕೆ ಬೆನ್ನಲ್ಲಿ ‘ಬೋನ್ ಚೈನಾ’ ಎಂದು ಅಚ್ಚಾಗಿದೆಯೇ ನೋಡಿ. ಸಾಮಾನ್ಯವಾಗಿ ಮುಚ್ಚಿಡುವುದಿಲ್ಲ, ಅದು ಅವರ ಹೆಮ್ಮೆ.

ಹುಳಿ ಮತ್ತು ಸೀಸ

ಹಳೆಯ ಲೇಪ, ಬಣ್ಣಗಳಲ್ಲಿ ಸೀಸ ಇರುವುದುಂಟು. ಲೇಪ ಗಟ್ಟಿಯಾಗಿ ಸುಟ್ಟಿದ್ದರೆ ಅದು ಒಳಗೇ ಇರುತ್ತದೆ. ಸವೆದಿದ್ದರೆ, ಸೀಳಿದ್ದರೆ, ಹುಳಿ ಪದಾರ್ಥ ಹೊತ್ತುಗಟ್ಟಲೆ ನಿಂತರೆ ಹೊರಗೆ ಬರಬಹುದು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ ಇದನ್ನು ಅಳೆಯುವುದು ತಟ್ಟೆಯಲ್ಲಿ 4 ಪ್ರತಿಶತ ಅಸಿಟಿಕ್ ಆಮ್ಲವನ್ನು 24 ಗಂಟೆ ನಿಲ್ಲಿಸಿ. ಚಪ್ಪಟೆ ತಟ್ಟೆಗೆ ಮಿತಿ ದಶಲಕ್ಷಕ್ಕೆ 3 ಪಾಲು, ಕಪ್ಪುಗಳಿಗೆ 0.5. ಇವು 1990ರ ದಶಕದ ಆರಂಭದಲ್ಲಿ ಬಿಗಿಗೊಳಿಸಿದ ಅಂಕಿಗಳು. ಅದಕ್ಕೂ ಮುಂಚಿನ ತಟ್ಟೆ ಇವತ್ತಿನ ಮಿತಿಗೆ ತಕ್ಕಂತೆ ಮಾಡಿದ್ದಲ್ಲ.

ಬ್ರೆಡ್ಡು, ಹುರಿದ ಮಾಂಸ ತಿನ್ನುವವರಿಗಿಂತ ನಮಗೆ ಇದು ಹೆಚ್ಚು ಅನ್ವಯಿಸುತ್ತದೆ. ನಮ್ಮ ಊಟವೇ ಹುಣಸೆಹಣ್ಣು, ಟೊಮೆಟೊ, ನಿಂಬೆ, ಮೊಸರು. ಹಾಗಾಗಿ ನನ್ನ ಮನೆಯ ಕಟ್ಟಳೆ ಹೀಗಿದೆ: ಹಳೆಯ ತಟ್ಟೆಯಲ್ಲಿ ಚಕ್ಕುಲಿ, ಕೋಡುಬಳೆ, ಕೇಕು, ಹಣ್ಣು, ಅಬ್ಬಬ್ಬಾ ಅಂದರೆ ಚಪಾತಿ-ಪಲ್ಯ. ಹುಳಿ, ಸಾರು, ಗೊಜ್ಜು, ಪುಳಿಯೋಗರೆ ಈಚಿನ ತಟ್ಟೆಯಲ್ಲಿ. ಉಪ್ಪಿನಕಾಯಿಗೆ ಗಾಜು. ಸೀಳಿದ ತಟ್ಟೆ ಗೋಡೆಗೆ. ಹಳೆಯ ಕಪ್ಪಿನಲ್ಲಿ ದಿನಾ ಕಾಫಿ ಕುಡಿಯುವುದನ್ನೂ ಬಿಟ್ಟಿದ್ದೇನೆ, ಸ್ಟೀಲ್ ಲೋಟ ಎಲ್ಲಿಗೂ ಓಡಿಹೋಗಿಲ್ಲ. ಸೀಸ ಪತ್ತೆ ಮಾಡುವ ಕಡ್ಡಿಗಳು ಅಂಗಡಿಯಲ್ಲಿ ಸಿಗುತ್ತವೆ. ಅವು ಮೇಲ್ಮೈಯನ್ನಷ್ಟೇ ಹೇಳುತ್ತವೆ, ಊಟಕ್ಕೆ ಎಷ್ಟು ಇಳಿಯುತ್ತದೆ ಎಂಬುದನ್ನಲ್ಲ. ಮಕ್ಕಳಿರುವ ಮನೆಯಲ್ಲಿ ಸಂಶಯದ ತಟ್ಟೆಗೆ ಅಡುಗೆಮನೆ ಬೇಡ.

ಯಾವಾಗ, ಎಲ್ಲಿ

ನವೆಂಬರ್, ಡಿಸೆಂಬರಿನಲ್ಲಿ ಕೊಳ್ಳಬೇಡಿ. ಗಣೇಶನ ಹಬ್ಬದ ಹಿಂದಿನ ದಿನ ಹೂವು ಕೊಂಡಂತೆ. ಜನವರಿಯಿಂದ ಬೇಸಿಗೆಯವರೆಗೆ ಯಾರಿಗೂ ಸಾಂಟಾ ಬೇಡ, ಆಗ ಹೋಗಿ.

ಮನೆ ಖಾಲಿಮಾಡುವ ಎಸ್ಟೇಟ್ ಸೇಲ್‌ಗಳು ಎಲ್ಲಕ್ಕಿಂತ ವಾಸಿ. ಒಂದೇ ಮನೆಯಲ್ಲಿ ಬಳಸಿದ ಪೂರ್ತಿ ಸೆಟ್ ಸಿಗುತ್ತದೆ, ಬಣ್ಣ ಕೂಡಿರುತ್ತದೆ. ಸಾಧಾರಣವಾಗಿ ಕೊನೆಯ ದಿನ ಬೆಲೆ ಇಳಿಸುತ್ತಾರೆ, ಆದರೆ ಒಳ್ಳೆಯದು ಅಷ್ಟರಲ್ಲಿ ಹೋಗಿರುತ್ತದೆ, ಅದು ನಿಮ್ಮ ಅದೃಷ್ಟಕ್ಕೆ ಬಿಟ್ಟದ್ದು. ಇಂಗ್ಲೆಂಡಿನಲ್ಲಿರುವವರಿಗೆ ಚಾರಿಟಿ ಅಂಗಡಿ ಮತ್ತು ಕಾರಿನ ಡಿಕ್ಕಿಯಿಂದಲೇ ಹಳೆಸಾಮಾನು ಮಾರುವ ಕಾರ್ ಬೂಟ್ ಸಂತೆಗಳಿವೆ. ಒಂದೇ ಒಂದು ಬಸಿ ಒಡೆದು ಸೆಟ್ ಮುರಿದಿದ್ದರೆ ಉತ್ತರ ಕೆರೊಲಿನಾದ ಗ್ರೀನ್ಸ್‌ಬರೋದಲ್ಲಿರುವ ರಿಪ್ಲೇಸ್‌ಮೆಂಟ್ಸ್ ಲಿಮಿಟೆಡ್ ಇದೆ. ಬಾಬ್ ಪೇಜ್ 1981ರಲ್ಲಿ ಶುರುಮಾಡಿದ ಈ ಕಂಪನಿಯ ಕೆಲಸವೇ ಬಿಡಿ ತಟ್ಟೆ ಹುಡುಕಿಕೊಡುವುದು. ಅಗ್ಗವಲ್ಲ. ಆದರೆ ಗೊತ್ತಿಲ್ಲದ ವಿನ್ಯಾಸದ ಹೆಸರು ಪತ್ತೆಮಾಡಲು ಅವರ ಚಿತ್ರಪಟ್ಟಿಯಷ್ಟು ಉಪಯೋಗದ್ದು ನಾನು ಇನ್ನೊಂದು ಕಂಡಿಲ್ಲ.

ಆನ್‌ಲೈನ್‌ನಲ್ಲಿ ಕೊಳ್ಳುವುದಾದರೆ ಮೂರು ಫೋಟೊ ಕೇಳಿ: ಬೆನ್ನಿನ ಮುದ್ರೆ, ಅಂಚು ಹತ್ತಿರದಿಂದ, ಓರೆ ಬೆಳಕಿನಲ್ಲಿ ಮುಖ. ಕಳಿಸಲು ಹಿಂದೇಟು ಹಾಕಿದರೆ ಬಿಟ್ಟುಬಿಡಿ. ಹೇಗೆ ಕಟ್ಟಿ ಕಳಿಸುತ್ತೀರಿ ಎಂದೂ ಕೇಳಿ. ನನಗೊಮ್ಮೆ ಆರು ಬಟ್ಟಲು ಒಂದೇ ಹಾಳೆ ಪತ್ರಿಕೆಯಲ್ಲಿ ಸುತ್ತಿ ಬಂದಿದ್ದವು. ಪೆಟ್ಟಿಗೆ ಎತ್ತಿದಾಗಲೇ ಗೊತ್ತಾಯಿತು, ಗಿಲಕಿಯಂತೆ ಸದ್ದು ಮಾಡುತ್ತಿತ್ತು.

ತೊಳೆಯುವುದು, ಇಡುವುದು, ಊರಿಗೆ ಒಯ್ಯುವುದು

ಸಿಂಕಿನ ತಳಕ್ಕೆ ಹಳೆಯ ಟವೆಲ್ ಹಾಸಿ, ಉಗುರುಬೆಚ್ಚಗಿನ ನೀರಿನಲ್ಲಿ ಒಂದೊಂದಾಗಿ ತೊಳೆಯಿರಿ. ಚಿನ್ನದ ಅಂಚಿನದನ್ನು ಮೈಕ್ರೋವೇವ್‌ಗೆ ಇಟ್ಟರೆ ಕಿಡಿ ಹಾರುತ್ತದೆ. ಡಿಶ್‌ವಾಶರಿನ ಕ್ಷಾರದ ಸೋಪುಪುಡಿಗೆ ಚಿನ್ನ ಮೆಲ್ಲಗೆ ಕರಗಿಹೋಗುತ್ತದೆ. ಫ್ರಿಜ್ಜಿನಿಂದ ತೆಗೆದ ತಟ್ಟೆಗೆ ಕುದಿಯುವುದನ್ನು ಸುರಿಯಬೇಡಿ.

ಸೀಳಿನಲ್ಲಿ ಕಂದು ಕಲೆ ಇಳಿದಿದ್ದರೆ ಔಷಧಿ ಅಂಗಡಿಯ 3 ಪ್ರತಿಶತ ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ಮುಳುಗಿಸಿ ಮುಚ್ಚಿಡಿ. ಒಂದು ದಿನದಲ್ಲಿ ಆಗುವ ಕೆಲಸವಲ್ಲ, ವಾರವೂ ಹಿಡಿಯಬಹುದು. ಬಟ್ಟೆಗೆ ಹಾಕುವ ಕ್ಲೋರಿನ್ ಬ್ಲೀಚ್ ಮಾತ್ರ ಬೇಡವೇ ಬೇಡ. ಮೊದಲು ಫಳಫಳ ಹೊಳೆಯುತ್ತದೆ, ಆಮೇಲೆ ಒಳಗಿನಿಂದ ಲೇಪವನ್ನು ಎಬ್ಬಿಸುತ್ತದೆ.

ಒಂದರ ಮೇಲೊಂದು ಇಡುವಾಗ ನಡುವೆ ಹಳೆಯ ಪಂಚೆಯ ತುಂಡು ಹಾಕಿ. ತಟ್ಟೆಯ ಪಾದದಂಚಿಗೆ ಲೇಪ ಇರದಿದ್ದರೆ ಅದು ಮರಳುಕಾಗದದಂತೆ, ಕೆಳಗಿನ ತಟ್ಟೆಯ ಸಾಂಟಾನ ಮೂತಿ ತರಿಯುತ್ತದೆ. ಅಟ್ಟಿ ಎಂಟಕ್ಕಿಂತ ಎತ್ತರ ಬೇಡ. ಕಪ್ಪುಗಳನ್ನು ಕಿವಿ ಹಿಡಿದು ಕೊಕ್ಕೆಗೆ ತೂಗುಹಾಕಬೇಡಿ, ಕಿವಿ ಅಂಟಿಸಿದ ಜಾಗವೇ ಎಲ್ಲಕ್ಕಿಂತ ದುರ್ಬಲ.

ಊರಿಗೆ ಒಯ್ಯುವವರಿಗೆ: ಪ್ರತಿ ತಟ್ಟೆಯನ್ನು ಗುಳ್ಳೆ ಪ್ಲಾಸ್ಟಿಕ್‌ನಲ್ಲಿ ಸುತ್ತಿ, ಗ್ರಾಮಫೋನ್ ರೆಕಾರ್ಡು ನಿಲ್ಲಿಸಿದಂತೆ ಅಂಚಿನ ಮೇಲೆ ನಿಲ್ಲಿಸಿ. ಮಲಗಿಸಿದರೆ ಮೇಲಿನ ಭಾರವೆಲ್ಲ ನಡುವಿಗೆ ಬೀಳುತ್ತದೆ. ಆ ಪೆಟ್ಟಿಗೆಯನ್ನು ಸುತ್ತಲೂ ಬಟ್ಟೆ ತುಂಬಿದ ಇನ್ನೊಂದು ಪೆಟ್ಟಿಗೆಯೊಳಗೆ ಇಡಿ. ನನ್ನ ನಾಲ್ಕು ತಟ್ಟೆ ಹೀಗೆಯೇ, ಅಮ್ಮನಿಗೆ ಒಯ್ದ ಬಾದಾಮಿಯ ಚೀಲಗಳ ನಡುವೆ ಕೂತು, ಬೆಂಗಳೂರು ತಲುಪಿದವು. ಅಮ್ಮ ಅವನ್ನು ಗಾಜಿನ ಕಪಾಟಿನಲ್ಲಿ ಚನ್ನಪಟ್ಟಣದ ಬೊಂಬೆಗಳ ಹಿಂದೆ ನಿಲ್ಲಿಸಿದ್ದಾರೆ.

ಕೊನೆಯದಾಗಿ, ಒಂದು ಸಣ್ಣ ಪುಸ್ತಕ ಇಟ್ಟುಕೊಳ್ಳಿ, ಫೋನಿನಲ್ಲಾದರೂ ಸರಿ. ಯಾವ ತುಂಡು, ಮುದ್ರೆಯ ಫೋಟೊ, ಎಲ್ಲಿ ತಂದದ್ದು, ಎಷ್ಟು ಕೊಟ್ಟದ್ದು, ಎಲ್ಲಿ ಮುಕ್ಕಾಗಿದೆ. ಅದರ ಜೊತೆಗೇ ‘ಬೇಕಾದದ್ದು’ ಎಂಬ ಇನ್ನೊಂದು ಪಟ್ಟಿ, ಸೆಂಟಿಮೀಟರ್ ಅಳತೆ ಸಮೇತ, ಅಂಗಡಿಯಲ್ಲಿ ನಿಂತು ತಡಕಾಡದಂತೆ. ನನ್ನ ಪಟ್ಟಿಯಲ್ಲಿ ಈಗ ಎರಡೇ ಸಾಲು ಉಳಿದಿವೆ: ಬಟ್ಟಲು ಎರಡು, ಬೋಗುಣಿಯ ಮುಚ್ಚಳ ಒಂದು. ಮುಚ್ಚಳದ ಸಾಲು ಬರೆದು ಐದನೇ ಜನವರಿ ಇದು.